ಬೇಟೆ ನಾಯಿಯ ಪಾಲು

ಮಕ್ಕಳೇ, ನೀವು ಫೋನಿನಲ್ಲಿ ಮುಧೋಳ ನಾಯಿಯ ಚಿತ್ರ ತೋರಿಸಿ "ಇದನ್ನ ತರೋಣ್ವಾ ಅಜ್ಜಿ?" ಎಂದಾಗ ನಾನು ಎದ್ದು ಒಳಗೆ ಹೋದೆ. ತೀರಿಹೋದ ನಿಮ್ಮ ತಾತನಿಗೂ ಹೇಳದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ಕಾಲ. ನಾಗಮಂಗಲದ ಕಡೆ ನಮ್ಮೂರಲ್ಲಿ ರಾಗಿ ಕೊಯ್ಲು ಮುಗಿದ ಮೇಲೆ ಗಂಡಸರು ಮೊಲದ ಬೇಟೆಗೆ ಹೋಗುತ್ತಿದ್ದರು. ಬಡಗಲ ಸೀಮೆಯಿಂದ ಕಂಬಳಿ ಮಾರಲು ಬಂದವನೊಬ್ಬನಿಂದ ಅಪ್ಪ ನೀವು ತೋರಿಸಿದಂಥದ್ದೇ ಒಂದು ನಾಯಿಮರಿ ತಂದು ಸಾಕಿದ್ದರು. ಅರಸರು ಸಾಕಿದ ಜಾತಿಯಂತೆ. ಹೆಸರು ಚಿಕ್ಕಿ. ಉದ್ದ ಮೂತಿ, ಹಿಡಿಯಷ್ಟು ಸೊಂಟ, ಎಣಿಸಬಹುದಾದ ಪಕ್ಕೆಲುಬು. ನಾನು "ಬಡಕ್ಲು" ಎಂದರೆ ಅಪ್ಪ ರೇಗುತ್ತಿದ್ದರು. "ಅದರ ಮೈಕಟ್ಟೇ ಅಂಗೆ ಕಣವ್ವಾ. ಕೊಬ್ಬಿದ್ರೆ ಓಡಾಕಾಯ್ತದಾ?"

ತೆಳು ಚರ್ಮ, ಚಳಿ ತಡೆಯದು ಎಂದು ಮನೆಯ ಹೊಸ ಕಂಬಳಿ ಅದಕ್ಕೆ. ಒಂದು ಮಾತು ಗದರಿದರೂ ಮೂಲೆ ಸೇರಿ ದಿನವೆಲ್ಲ ಉಣ್ಣದು. ಆಗ ಅಪ್ಪ ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದರು. ನಾನೂ ಮುನಿಸಿಕೊಂಡು ಉಣ್ಣದೆ ಮಲಗಿ ನೋಡಿದೆ. ಅಪ್ಪ ಬರಲಿಲ್ಲ.

ಬೇಟೆಯ ಮಾಂಸ ಹಂಚುವಾಗ ಆಳಿಗೊಂದು ಪಾಲು, ನಾಯಿಗೊಂದು ಪಾಲು. ಮುತ್ತುಗದ ಎಲೆಯ ಮೇಲೆ ಚಿಕ್ಕಿಯ ಗುಡ್ಡೆ ನೋಡಿ ಕೇಳಿಯೇಬಿಟ್ಟೆ, "ನಂಗ್ಯಾಕಿಲ್ಲ ಪಾಲು?"

ಪಕ್ಕದ ಮನೆಯ ಮಾವ ನಕ್ಕರು. "ನೀನೂ ಓಡಿ ಒಂದು ಮೊಲ ಹಿಡ್ಕೊಂಡು ಬಾರವ್ವ, ಕೊಡಾನ."

ಅಪ್ಪನೂ ನಕ್ಕರು. ಅದೇ ನನಗೆ ಉರಿದದ್ದು.

ಬೇಟೆಯ ದಿನ ಬೆಳಿಗ್ಗೆ ಚಿಕ್ಕಿಗೆ ಏನೂ ಇಕ್ಕಬಾರದು. ಮುಂದಿನ ಬೇಟೆಯ ಬೆಳಿಗ್ಗೆ ನಾನು ಎರಡು ಮುದ್ದೆಯನ್ನು ಹುರುಳಿ ಸಾರಿನಲ್ಲಿ ಕಿವುಚಿ ಇಕ್ಕಿದೆ. ಅದು ಸೋಲಲಿ, ಅಪ್ಪ ಅದನ್ನು ಬೈಯಲಿ ಎಂಬುದಷ್ಟೇ ನನ್ನ ಆಸೆ. ಬೇರೆಯವರು ಮುಟ್ಟಿದರೆ ಸರಿದುಹೋಗುವ ನಾಯಿ ನನ್ನ ಕೈ ನೆಕ್ಕಿತು.

ಬಿಸಿಲೇರುವ ಹೊತ್ತಿಗೆ ಅಪ್ಪ ಅದನ್ನು ಹೆಗಲ ಮೇಲೆ ಹೊತ್ತು ತಂದರು. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ತುಂಬಿದ ಹೊಟ್ಟೆಯಲ್ಲಿ ಓಡಿ ಕರುಳು ತಿರುಚಿಕೊಂಡಿದೆ ಎಂದರು ಮಾವ. ಮಧ್ಯಾಹ್ನಕ್ಕೆ ಉಸಿರು ನಿಂತಿತು.

"ಯಾರು ಇಕ್ಕಿದ್ದು ಇದಕ್ಕೆ?" ಎಂದರು ಅಪ್ಪ.

ಅವ್ವ ನನ್ನ ಮುಖವನ್ನೊಮ್ಮೆ ನೋಡಿದಳು. "ನಾನೇಯ. ಮರ್ತು ಇಕ್ಬುಟ್ಟೆ" ಎಂದಳು.

ಅಪ್ಪ ನಾಯಿಯ ಮೈಮೇಲೆ ಮುಖವಿಟ್ಟು ಅತ್ತರು. ಆಗಲೂ ನನಗಾದದ್ದು ಹೊಟ್ಟೆಕಿಚ್ಚೇ. ಯುಗಾದಿಯವರೆಗೆ ಅವರು ಅವ್ವನ ಜೊತೆ ಮಾತಾಡಲಿಲ್ಲ. ಅವ್ವ ಒಂದು ದಿನವೂ ನನ್ನ ಹೆಸರೆತ್ತಲಿಲ್ಲ.

ಗಂಡನ ಮನೆಗೆ ಹೊರಟಾಗ ಗಾಡಿಯಲ್ಲಿ ಕೂತು ಅಪ್ಪನ ಕಣ್ಣುಗಳನ್ನೇ ನೋಡಿದೆ. ಒಣಗಿದ್ದವು.

ಈಗ ಆ ಬೇಟೆಯಿಲ್ಲ, ನಿಂತದ್ದು ಒಳ್ಳೆಯದೇ. ಹೊಲದ ಬದುವಿನಲ್ಲಿ ಮೊಲವೂ ಕಾಣುವುದಿಲ್ಲ. ಅಪ್ಪ ಹೋದರು, ಅವ್ವ ಹೋದಳು. ಅವಳು ಹೊತ್ತದ್ದು ನನ್ನ ತಪ್ಪೆಂದು ಅಪ್ಪನಿಗೆ ಹೇಳಲು ಎಷ್ಟೋ ವರ್ಷಗಳಿದ್ದವು. ಒಂದು ದಿನವನ್ನೂ ನಾನು ಬಳಸಲಿಲ್ಲ.