ಕಟಕಟೆಯಲ್ಲಿ ‘ಹೂನ್ರಿ’

ನನಗೆ ಈಗಲೂ ಮೋಟಾರಿನಲ್ಲಿ ಎಡಗಡೆ ಕೂರಲು ಆಗುವುದಿಲ್ಲ. ಮನೆಯವರು ನಗುತ್ತಾರೆ. ನಗಲಿ. ಹಾನಗಲ್ಲಿನ ಕೆರೆ ಏರಿಯ ಮೇಲೆ, ಕಿಟಕಿಯಲ್ಲಿ ದಂಡೆಯೇ ಕಾಣದೆ ಬರೀ ನೀರು ಕಂಡವರು ಅವರಲ್ಲಿ ಯಾರೂ ಇಲ್ಲ.

ನಲವತ್ತೆರಡರ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ, ನಮ್ಮ ಕಡೆಯ ಮೋಟಾರುಗಳು ಇದ್ದಿಲ ಗ್ಯಾಸಿನ ಮೇಲೆ ಕೆಮ್ಮುತ್ತ ಓಡುತ್ತಿದ್ದ ಕಾಲ. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಹಾನಗಲ್ಲಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದೆ. ಆ ದಿನ ಸವಣೂರಿನ ಚಿಕ್ಕಮ್ಮನ ಮನೆಯಿಂದ ಮರಳುತ್ತಿದ್ದೆ. ಓದಿದ ಹೆಣ್ಣುಮಗಳೆಂದು ಡ್ರೈವರನ ಪಕ್ಕದ ಸೀಟನ್ನು ಮರ್ಯಾದೆಯಿಂದ ಬಿಟ್ಟುಕೊಟ್ಟಿದ್ದರು. ಹಿಂದೆ ವೀಳ್ಯದೆಲೆಯ ಪೆಂಡಿಗಳು, ಎಲೆ ವ್ಯಾಪಾರಿಗಳು, ಒಂದು ಟಪಾಲು ಚೀಲ.

ಏರು ಬಂದರೆ ಆ ಮೋಟಾರು ಎಷ್ಟು ನಿಧಾನವಾಗುತ್ತಿತ್ತೆಂದರೆ, ಊರ ಹುಡುಗರು ಓಡಿಬಂದು ಹಿಂದಿನ ಏಣಿಗೆ ಜೋತುಬೀಳುತ್ತಿದ್ದರು. ಪುಕ್ಕಟೆ ಸವಾರಿ. ಆದರೆ ಕೆರೆ ಏರಿಯ ಮೇಲೆ ದಾರಿ ಸಪಾಟು, ಮೋಟಾರಿಗೂ ಸ್ವಲ್ಪ ಹುರುಪು. ಅಲ್ಲಿ ಅದನ್ನು ನಿಧಾನಗೊಳಿಸಬೇಕೆಂದು ಇಬ್ಬರು ಹುಡುಗರು ತಿರುವಿನಾಚೆ ದಾರಿಗೆ ಅಡ್ಡಲಾಗಿ ಕಲ್ಲು ಉರುಳಿಸಿಟ್ಟಿದ್ದರು. ಇಷ್ಟೇ ಅವರ ಸಂಚು.

ತಿರುವಿನಲ್ಲಿ ಒಬ್ಬ ಸಣ್ಣ ಹುಡುಗ ಎರಡೂ ಕೈ ಮೇಲೆತ್ತಿ ಏನೋ ಕೂಗುತ್ತ ನಮ್ಮೆದುರಿಗೇ ಓಡಿಬಂದ. ಅವನ ಹಿಂದೆ ಕಲ್ಲುಗಳು. ಡ್ರೈವರು ಚಕ್ರ ತಿರುಗಿಸಿದ. ಮುಂದಿನ ಎಡಗಾಲಿ ಏರಿಯಿಂದ ಕೆಳಗಿಳಿದು ಒಂದು ಜಾಲಿ ಗಿಡದ ಬೊಡ್ಡೆಗೆ ಸಿಕ್ಕಿಕೊಂಡಿತು. ನನ್ನ ಮಡಿಲಲ್ಲಿ ನಾಲ್ಕು ಪೆಂಡಿ ಎಲೆ, ಕಿಟಕಿಯಲ್ಲಿ ಕೆರೆ.

“ಅಕ್ಕಾರ, ಅಳ್ಳಾಡಬ್ಯಾಡ್ರಿ,” ಎಂದ ಡ್ರೈವರು, ನನ್ನತ್ತ ನೋಡದೆ. “ಉಸರೂ ಸಣ್ಣಾಗಿ ಬಿಡ್ರಿ.”

ಹಿಂದಿನವರೆಲ್ಲ ಒಬ್ಬೊಬ್ಬರಾಗಿ ಇಳಿದು, ಹಗ್ಗ ಕಟ್ಟಿ, ಕಡೆಗೆ ನನ್ನನ್ನು ಎಳೆದುಕೊಂಡರು. ಒಬ್ಬ ವ್ಯಾಪಾರಿಯ ಕೈ ಮುರಿದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಪೊಲೀಸ್ ಫೌಜದಾರರು ಬಂದರು. ನನ್ನನ್ನು ಬೇವಿನ ಗಿಡದ ಕೆಳಗೆ ಕೂರಿಸಿ ಕೇಳಿದರು, ಬರೆದುಕೊಂಡರು, ಓದಿ ಹೇಳಿದರು. “ತಿಳೀತಲ್ರಿ ಅಕ್ಕಾರ? ಬರೋಬರಿ ಐತಿಲ್ಲ?” ನನ್ನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. “ಹೂನ್ರಿ,” ಎಂದೆ.

ಹದಿನೈದು ದಿನಗಳ ಮೇಲೆ ಕೋರ್ಟಿನಿಂದ ನನಗೆ ಕರೆ ಬಂತು. ಟಪಾಲು ಹೊತ್ತ ಮೋಟಾರನ್ನು ಕೆಡವಲು ಸಂಚು ಮಾಡಿದರೆಂದು ಇಬ್ಬರು ಹುಡುಗರನ್ನು ಹಿಡಿದು ತಂದಿದ್ದರು. ದೊಡ್ಡವನಿಗೆ ಹದಿನೇಳು, ಚಿಕ್ಕವನಿಗೆ ಹನ್ನೆರಡು. ಚಿಕ್ಕವನು ತಪ್ಪೊಪ್ಪಿಕೊಳ್ಳಲು ತಯಾರಿದ್ದಾನೆ ಎಂದಿದ್ದರು ಫೌಜದಾರರು. ಒಪ್ಪಿಕೊಂಡರೆ ಅವನನ್ನು ವರ್ಷಗಟ್ಟಲೆ ಹುಡುಗರ ಜೇಲಿಗೆ ಕಳಿಸುವರೆಂದು ಕೋರ್ಟಿನ ಕಾರಕೂನ ನನ್ನ ಕಿವಿಯಲ್ಲಿ ಹೇಳಿದ. ಹುಡುಗನ ತಾಯಿ, ಗದ್ದೆ ಕೆಲಸದ ಹೆಂಗಸು, ಬಾಗಿಲಿಗೆ ಆನಿಕೊಂಡು ನಿಂತಿದ್ದಳು.

ಮ್ಯಾಜಿಸ್ಟ್ರೇಟ್ ಸಾಹೇಬರು ಒಳ್ಳೆಯವರು. ತಪ್ಪೊಪ್ಪಿಗೆಯ ಬಗ್ಗೆ ಕಾಯ್ದೆಯಲ್ಲಿ ಇದ್ದದ್ದನ್ನು ಕನ್ನಡದಲ್ಲೇ ಓದಿ ಹೇಳಿದರು: “ಕಬೂಲಿ ಜವಾಬು ಕೊಡಲೇಬೇಕೆಂಬ ನಿರ್ಬಂಧ ನಿನಗಿಲ್ಲ. ಕೊಟ್ಟಲ್ಲಿ ಅದನ್ನು ನಿನ್ನ ವಿರುದ್ಧ ಪುರಾವೆಯಾಗಿ ಉಪಯೋಗಿಸಬಹುದು. ತಿಳೀತೇನು?”

ಮೊದಲು ದೊಡ್ಡವನ ಸರದಿ. ಅವನ ಅಣ್ಣ ಚಳವಳಿಯಲ್ಲಿ ಜೇಲು ಕಂಡು ಬಂದವನು. ಮನೆಯಲ್ಲಿ ಇಂಥ ಮಾತು ಅವನ ಕಿವಿಗೆ ಬಿದ್ದಿರಬೇಕು. “ತಿಳೀತ್ರಿ. ಹಂಗಾರ ನಾ ಏನೂ ಹೇಳಂಗಿಲ್ರಿ. ವಕೀಲರು ಬರ್ಲಿ,” ಎಂದ.

“ನೋಡ್ರಿ ಸಾಹೇಬ್ರ,” ಎಂದರು ಫೌಜದಾರರು. “ಮೀಸಿ ಇನ್ನೂ ಮೂಡಿಲ್ಲ, ಕಾಯ್ದೆ ಮಾತಾಡ್ತಾನ.”

ಆಮೇಲೆ ಚಿಕ್ಕವನು. ಅವವೇ ಮಾತುಗಳು, ಅದೇ ದನಿ. ಅವನು ತರಗತಿಯಲ್ಲಿ ನಿಲ್ಲುವಂತೆ ಕೈಕಟ್ಟಿ ನಿಂತು, “ಹೂನ್ರಿ,” ಎಂದ.

“ಯಾರರ ನಿನಗ ಹೆದರಿಸ್ಯಾರೇನು?”

“ಹೂನ್ರಿ.”

ಸಾಹೇಬರ ಲೇಖನಿ ನಿಂತಿತು. “ಯಾರೂ ಹೆದರಿಸಿಲ್ಲೇನು?”

“ಹೂನ್ರಿ.”

ಕೋರ್ಟಿನಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ‘ಹೂನ್ರಿ’ಯನ್ನು ನಾನು ದಿನವೂ ಕೇಳುವವಳು. ಪಾಠ ಮುಗಿಸಿ “ತಿಳೀತೇನು?” ಎಂದರೆ ಮೂವತ್ತು ಬಾಯಿಗಳಿಂದ ಒಮ್ಮೆಗೇ ಬರುವ ದನಿ ಅದು. ತಿಳಿದಿದೆ ಎಂದಲ್ಲ ಅದರ ಅರ್ಥ. ದೊಡ್ಡವರು ಕೇಳಿದ್ದಾರೆ, ಮಾತು ಮುಗಿಸಬೇಕು, ಅಷ್ಟೇ. ನಾನು ಯಾವಾಗ ಎದ್ದು ನಿಂತೆನೋ ನನಗೇ ತಿಳಿಯಲಿಲ್ಲ.

“ಸಾಹೇಬ್ರ, ತಿಳೀತೇನಂತ ಕೇಳಬ್ಯಾಡ್ರಿ. ಏನು ತಿಳೀತು ಅಂತ ಕೇಳ್ರಿ.”

“ಇದು ನಿಮ್ಮ ಸಾಲಿ ಅಲ್ರಿ ಅಕ್ಕಾರ,” ಎಂದರು ಫೌಜದಾರರು.

“ಇರ್ಲಿ, ಇರ್ಲಿ,” ಎಂದ ಸಾಹೇಬರು ಹುಡುಗನ ಕಡೆ ಬಗ್ಗಿದರು. “ನಾ ಏನ್ ಹೇಳಿದ್ನಿ, ನೀನ ಒಮ್ಮೆ ಹೇಳು ನೋಡೂಣು.”

ಹುಡುಗ ಬಾಯಿಪಾಠ ಒಪ್ಪಿಸುವಂತೆ ಹೇಳಿದ: “ಖರೇ ಹೇಳಿದ್ರ ಸಂಜೀಕ ಮನಿಗೆ ಬಿಡ್ತಾರ್ರಿ. ಸುಮ್ಮ ನಿಂತ್ರ ಸೊಕ್ಕು ಅಂತ ಹೊಡೀತಾರ್ರಿ.”

“ಹಂಗಂತ ಯಾರು ಹೇಳಿದ್ರು?”

“ಸಾಲ್ಯಾಗ ಮೂರನೇ ಇಯತ್ತೆ ಮಾಸ್ತರ್ರಿ.”

ಸಾಹೇಬರು ಲೇಖನಿಯನ್ನು ಶಾಯಿಯ ದೌತಿಯ ಪಕ್ಕದಲ್ಲಿಟ್ಟರು. ಕಬೂಲಿ ಜವಾಬಿಗೆಂದು ತೆಗೆದ ಹಾಳೆಯನ್ನು ಹಾಗೆಯೇ ಮಡಿಚಿದರು.

ನನ್ನ ಸರದಿ ಬಂತು. ಬೇವಿನ ಗಿಡದ ಕೆಳಗೆ ಬರೆದುಕೊಂಡ ನನ್ನ ಹೇಳಿಕೆಯನ್ನು ಕಾರಕೂನ ಓದಿದ: ‘ಕಿರಿಯ ಆರೋಪಿಯು ಎರಡೂ ಕೈ ಎತ್ತಿ ಘೋಷಣೆ ಕೂಗುತ್ತ ಮೋಟಾರಿನ ಎದುರಿಗೆ ಬಂದನು.’

ಈ ಹದಿನೈದು ದಿನ ಮಲಗಲಿ, ಏಳಲಿ, ಪಾಠ ಹೇಳಲಿ, ಆ ಗಳಿಗೆ ನನ್ನ ಕಣ್ಣೆದುರು ಹಾದುಹೋಗದ ದಿನವಿರಲಿಲ್ಲ. ಆ ನೀರು, ಆ ಕಲ್ಲು, ಆ ಹುಡುಗ. ಅವನ ಕೈ ಮುಷ್ಟಿ ಬಿಗಿದಿರಲಿಲ್ಲ. ಬಿಚ್ಚಿದ ಅಂಗೈಗಳು ನಮ್ಮ ಕಡೆಗಿದ್ದವು.

“ಘೋಷಣೆ ಅಲ್ರಿ,” ಎಂದೆ. “‘ನಿಂದ್ರಸ್ರೀ, ನಿಂದ್ರಸ್ರೀ’ ಅಂತ ಒದರಾಕತ್ತಿದ್ದ.”

“ಅವತ್ತ ಓದಿ ಹೇಳಿದಾಗ ಹೂನ್ರಿ ಅಂದೀರಲ್ರಿ?” ಫೌಜದಾರರಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

“ಅಂದೆ. ಬಿ.ಎ. ಆದಾಕಿ, ಏನಂದೀರಿ ಅಂತ ಕೇಳಿಸಿಕೊಳ್ಳದನ ಅಂದೆ.”

ಸಾಹೇಬರು ಹುಡುಗನತ್ತ ತಿರುಗಿದರು. ಈ ಸಲ ಪುಸ್ತಕದ ಕನ್ನಡವಿರಲಿಲ್ಲ. “ಹೇಳಬೇಕಂದ್ರ ಹೇಳು, ಬ್ಯಾಡಂದ್ರ ಬಿಡು. ಯಾರೂ ಹೊಡಿಯಂಗಿಲ್ಲ. ಯಾಕ ಓಡಿದಿ?”

ಅವನು ತಾಯಿಯ ಮುಖ ನೋಡಿದ, ಫೌಜದಾರರ ಕೈ ನೋಡಿದ. “ಮೋಟಾರ ಭಾಳ ಜೋರ ಬರಾಕತ್ತಿತ್ರಿ. ಕಲ್ಲು ತಗೀಬೇಕಂದ್ರ ನನ್ನೊಬ್ಬನ ಕೈಲೆ ಆಗಲಿಲ್ರಿ. ಅದಕ್ಕ ಓಡಿದ್ನಿರಿ.”

“ಇದನ್ನ ಮೊದಲ ಯಾಕ ಹೇಳಲಿಲ್ಲೋ?”

“ಯಾರೂ ಕೇಳಲಿಲ್ರಿ.”

ಸುಮ್ಮನಿರಬಹುದು ಎಂಬುದೂ ಅವನಿಗೆ ಗೊತ್ತಿರಲಿಲ್ಲ, ತನ್ನ ಪರವಾಗಿ ತಾನೇ ಮಾತಾಡಬಹುದು ಎಂಬುದೂ ಗೊತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ, ಕೇಳದಿದ್ದರೆ ಮೌನ. ಇಷ್ಟೇ ಅವನು ಕಲಿತದ್ದು.

ದೊಡ್ಡವನ ಖಟ್ಲೆ ಮುಂದೊಂದು ದಿನ ವಕೀಲರು ಬಂದ ಮೇಲೆ ನಡೆಯಿತು. ಸಂಚಿನ ಮಾತು ಬಿದ್ದುಹೋಗಿ ದಂಡದಲ್ಲಿ ಮುಗಿಯಿತು. ಚಿಕ್ಕವನಿಗೆ ಬುದ್ಧಿ ಹೇಳಿ, ತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡು ಅವತ್ತೇ ಬಿಡಲು ಸಾಹೇಬರು ಹುಕುಂ ಮಾಡಿದರು.

ಕಾರಕೂನ ಮುಚ್ಚಳಿಕೆ ಬರೆದು ತಂದು ಶಾಯಿಯ ಡಬ್ಬಿ ತೆರೆದ. “ಒತ್ತವ್ವಾ ಹೆಬ್ಬಟ್ಟು.”

ಆಕೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಏನ್ ಬರ್ದೀರಿ, ಓದ್ರಿ.”

ಓದಿದ. “ತಿಳೀತೇನು?”

“ಇಲ್ರಿ. ಇನ್ನೊಮ್ಮೆ ಓದ್ರಿ.”

ಇನ್ನೊಮ್ಮೆ ಓದಿದ, ಹಲ್ಲು ಕಡಿಯುತ್ತ. ಹುಡುಗ ಅವಳ ಸೀರೆ ಜಗ್ಗಿದ. “ಯವ್ವಾ, ಹೂಂ ಅನ್ನು ಬೇ! ಹಸಿವ್ಯಾಗೇತಿ.”

“ನಿಂದ್ರಲೇ. ‘ಹಾಜರುಪಡಿಸತಕ್ಕದ್ದು’ ಅಂದ್ರೇನ್ರಿ?”

“ಕರದಾಗ ಮಗನ್ನ ಕರಕೊಂಡು ಬರೂದು.”

“ಯಾರು ಕರದಾಗ?”

“ಸಾಹೇಬ್ರು.”

“ಫೌಜದಾರ್ರು ಕರದ್ರ?”

ಕಾರಕೂನ ತಲೆಯೆತ್ತಿ ಸಾಹೇಬರನ್ನು ನೋಡಿದ. ಸಾಹೇಬರು ಕರವಸ್ತ್ರದಲ್ಲಿ ಮೀಸೆ ಒರೆಸಿಕೊಳ್ಳುವ ನೆವದಲ್ಲಿ ನಗು ಮುಚ್ಚಿಕೊಂಡು, “ಕೋರ್ಟು ಕರದಾಗ ಅಂತ ಸೇರಸ್ರಿ,” ಎಂದರು.

ಸೇರಿಸಿದ ಸಾಲನ್ನೂ ಆಕೆ ಓದಿಸಿ ಕೇಳಿದಳು. ಆಮೇಲೆ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿ, ಮಗನ ರಟ್ಟೆ ಹಿಡಿದು ಮೆಟ್ಟಿಲಿಳಿದಳು.