ದೊಡ್ಡಪ್ಪನ ಜರ್ಮನ್ ಫೋನುಗಳು

ನಮ್ಮ ಕಾಲದ ಬೇಸಿಗೆ ರಜೆಯೆಂದರೆ ಅಂಗಳದಲ್ಲಿ ಒಣಗುವ ಹಲಸಿನ ಹಪ್ಪಳವನ್ನು ಕಾಗೆಗಳಿಂದ ಕಾಯುವುದು, ಕಾಯುತ್ತಾ ಹಸಿ ಹಪ್ಪಳವನ್ನೇ ಕದ್ದು ತಿನ್ನುವುದು. ಉಪ್ಪಳದಿಂದ ವರ್ಕಾಡಿಯ ದೊಡ್ಡಪ್ಪನ ಮನೆಗೆ ಹೋಗುತ್ತಿದ್ದ ನನಗೆ ಬೇರೆ ಯಾವ ಮಕ್ಕಳಿಗೂ ಸಿಗದ ಇನ್ನೊಂದು ಆಟವೂ ಇತ್ತು. ಮಹಾಯುದ್ಧದಲ್ಲಿ ಜರ್ಮನ್ ಸೈನಿಕರು ಬಳಸಿದ ಫೋನುಗಳು.

ದೊಡ್ಡಪ್ಪ ಸರಕು ಹಡಗಿನಲ್ಲಿ ವಯರ್‌ಲೆಸ್ ಆಪರೇಟರ್ ಆಗಿದ್ದವರು. ಹ್ಯಾಂಬರ್ಗ್ ಬಂದರಿನ ಭಾನುವಾರದ ಸಂತೆಗಳಲ್ಲಿ ಒಂದೊಂದಾಗಿ ಕೊಂಡು ತಂದ ಏಳು ಫೋನು, ಬೆನ್ನಿಗೆ ಕಟ್ಟಿಕೊಳ್ಳುವ ತಂತಿಯ ರಾಟೆ, ಹೆಡ್‌ಫೋನುಗಳು ಚಾವಡಿಯ ಪಕ್ಕದ ಕೋಣೆಯಲ್ಲಿದ್ದವು. ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕಪ್ಪು ಪೆಟ್ಟಿಗೆ, ಚರ್ಮದ ಪಟ್ಟಿ, ಬದಿಯಲ್ಲೊಂದು ಹ್ಯಾಂಡಲು. ಅದನ್ನು ತಿರುಗಿಸಿದರೆ ತಂತಿಯಲ್ಲಿ ಕರೆಂಟು ಹರಿದು ಇನ್ನೊಂದು ತುದಿಯ ಫೋನಿನಲ್ಲಿ ಗಂಟೆ ಹೊಡೆಯುತ್ತಿತ್ತು. ಕೋಣೆಯೊಳಗೆ ಸದಾ ಸೀಮೆಎಣ್ಣೆಯ, ಹಳೆಯ ಚರ್ಮದ ವಾಸನೆ. ಅವನ್ನು ಒರೆಸುವಾಗ ದೊಡ್ಡಪ್ಪನ ಕೈ ಎಷ್ಟು ಮೆದುವಾಗುತ್ತಿತ್ತೆಂದರೆ, ಅಂಥ ಕೈ ಆ ಮನೆಯ ಯಾರ ಮೈಮೇಲೂ ಆಡಿದ್ದನ್ನು ನಾನು ಕಂಡಿಲ್ಲ.

ಅವರ ಒಬ್ಬಳೇ ಮಗಳು ಶಶಿ ನನ್ನ ಓರಗೆಯವಳು. ಅವಳಿಗೆ ಮಾತು ಉಗ್ಗುತ್ತಿತ್ತು, ಹಾಡುವಾಗ ಮಾತ್ರ ಇಲ್ಲ. ಕೋಣೆಯಿಂದ ಬಾವಿಕಟ್ಟೆಯವರೆಗೆ ತಂತಿ ಎಳೆದು ನಾವಿಬ್ಬರು ಹುಡುಗಿಯರು ಆಡುವಾಗ ಅವಳು ಆ ಕಡೆಯಿಂದ ಹಾಡಿಯೇ ಸುದ್ದಿ ಹೇಳುತ್ತಿದ್ದಳು. ದೋಸೆ ಆಯಿತು, ಬೆಕ್ಕು ಮರಿ ಹಾಕಿತು. ಒಮ್ಮೆ ಅದನ್ನು ಕೇಳಿಸಿಕೊಂಡ ದೊಡ್ಡಪ್ಪನಿಗೆ ಫೋನಿನಿಂದಲೇ ಉಗ್ಗು ಬಿಡಿಸಬಹುದೆಂದು ಹೊಳೆಯಿತು.

ಮರುದಿನದಿಂದ ಪಾಠ. ಗುಂಡು ಹಾರುವಾಗಲೂ ಸೈನಿಕರು ಇದರಲ್ಲಿ ತಡವರಿಸದೆ ಮಾತಾಡುತ್ತಿದ್ದರು, ಇವಳಿಗೆ ಎಂತ ಧಾಡಿ ಎಂದರು. ತಂತಿಯ ತುದಿ ಕೆರೆದು ಅವಳ ಎರಡು ಬೆರಳಿಗೆ ಸುತ್ತಿದರು. ಅವಳು ರೈಲು ಸ್ಟೇಷನ್‌ಗಳ ಹೆಸರನ್ನು ಸಾಲಾಗಿ ಹೇಳಬೇಕು.

"ನೀನು ಹ್ಯಾಂಡಲ್ ಹಿಡಿ," ಎಂದು ನನಗೆ ಹೇಳಿದರು. "ನಾನು ಕೈ ಎತ್ತಿದರೆ ಒಂದು ಸುತ್ತು. ಹೆಚ್ಚು ಬೇಡ."

ಶಶಿ 'ಮಂಜೇಶ್ವರ'ದ ಮೊದಲ ಅಕ್ಷರದಲ್ಲೇ ಸಿಕ್ಕಿಬಿದ್ದಳು. ಕೈ ಎದ್ದಿತು. ನಾನು ತಿರುಗಿಸಿದೆ. ಅವಳ ಮೊಣಕೈ ತನ್ನಷ್ಟಕ್ಕೇ ಮೇಲೆ ಹಾರಿತು. ಅಡುಗೆಮನೆಯಲ್ಲಿ ದೊಡ್ಡಮ್ಮ ಮಿಕ್ಸಿ ಹಾಕಿದರು. ನೀರು ಕುಡಿಯಲು ಹೋದಾಗ ನೋಡಿದೆ, ಅದರೊಳಗೆ ಅರೆಯಲು ಏನೂ ಇರಲಿಲ್ಲ.

ಏಳೆಂಟು ದಿನ ಹೀಗೇ ನಡೆಯಿತು. ನನಗದು ಬೇಸರವಾಗಲಿಲ್ಲವೆಂದು ಈಗ ಒಪ್ಪಿಕೊಳ್ಳಬೇಕು. ಯಾರನ್ನೂ ಹೊಗಳದ ದೊಡ್ಡಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿನ್ನ ಕೈ ಗಟ್ಟಿ ಉಂಟು ಎನ್ನುತ್ತಿದ್ದರು.

ಮೇ ತಿಂಗಳಲ್ಲಿ ಮಂಗಳೂರಿನಿಂದ ಹಳೆಯ ಸಾಮಾನು ಸಂಗ್ರಹಿಸುವ ಒಬ್ಬರು ಬಂದರು. ಫೋನುಗಳನ್ನೆಲ್ಲ ತೋರಿಸಿದ ಮೇಲೆ ದೊಡ್ಡಪ್ಪ ಶಶಿಯನ್ನೂ ಕರೆದರು. ಅವಳ ಉಗ್ಗು ಹೋಯಿತೆಂದು ಅವರಿಗೆ ತೋರಿಸಬೇಕಿತ್ತು. ಅವಳು ತಾನೇ ಬೆರಳಿಗೆ ತಂತಿ ಸುತ್ತಿಕೊಂಡು ನಿಂತಳು. 'ಮಂಜೇಶ್ವರ' ಸಲೀಸಾಗಿ ಬಂತು. 'ಉಪ್ಪಳ'ವೂ ಬಂತು. 'ಕುಂಬಳೆ'ಗೆ ಮೊದಲು ಉಸಿರೆಳೆದುಕೊಳ್ಳಲು ನಿಂತಳು. ನಾನು ಹ್ಯಾಂಡಲನ್ನು ಗರಗರ ತಿರುಗಿಸಿದೆ.

ಅವಳು ಕೂಗಲಿಲ್ಲ. ನಿಂತಲ್ಲೇ ಲಂಗ ಒದ್ದೆಯಾಗಿ ನೆಲಕ್ಕೆ ಹರಿಯಿತು. ಬಂದವರು ಮುಖ ತಿರುಗಿಸಿ, "ಸಾಕು ಮಾರಾಯ್ರೆ, ಆ ಮಗುವನ್ನು ಬಿಡಿ," ಎಂದರು. ದೊಡ್ಡಪ್ಪ ಮೊದಲು ಫೋನಿನ ಪೆಟ್ಟಿಗೆಯನ್ನು ಒದ್ದೆ ತಾಗದಂತೆ ಎತ್ತಿಟ್ಟರು. ಆಮೇಲೆ ಶಶಿಗೆ, "ಹೋಗಿ ಬಟ್ಟೆ ತಾ. ನೀನೇ ಒರೆಸು," ಎಂದರು. ಅವಳು ಒರೆಸಿದಳು. ನಾನು ಕಾಲು ಮೇಲೆತ್ತಿ ಕೂತೆ.

ಆಮೇಲೆ ಅವಳು ಹಾಡಿದ್ದನ್ನು ಯಾರೂ ಕೇಳಿಲ್ಲ. ತಂದೆಯ ಮಾತಿಗೆ ಕೊನೆಯವರೆಗೂ ತಲೆಯಾಡಿಸಿದ್ದಷ್ಟೇ.

ಕಳೆದ ವರ್ಷ ದೊಡ್ಡಪ್ಪ ತೀರಿಕೊಂಡರು. ಉತ್ತರಕ್ರಿಯೆಗೆ ಮೊದಲೇ ಫೋನುಗಳನ್ನೆಲ್ಲ ಕೊಚ್ಚಿಯ ಒಬ್ಬರು ಒಯ್ದಿದ್ದರು. ಶಶಿಗೆ ಈಗ ಕಾಸರಗೋಡಿನಲ್ಲಿ ಹೊಲಿಗೆ ಅಂಗಡಿಯಿದೆ. ಗಿರಾಕಿಗಳೊಡನೆ ಉಗ್ಗುತ್ತಲೇ, ಸಂಕೋಚವಿಲ್ಲದೆ ಮಾತಾಡುತ್ತಾಳೆ. ಉತ್ತರಕ್ರಿಯೆಯ ದಿನ ಅವಳು ಒಬ್ಬಳೇ ಸಿಕ್ಕಾಗ, ಆಗ ನಾವು ಚಿಕ್ಕವರು, ದೊಡ್ಡಪ್ಪ ಹೇಳಿದ್ದಕ್ಕೆ ಮಾಡಿದೆ ಎಂದು ಹೇಗೋ ಹೇಳಿ ಮುಗಿಸಿದೆ.

ಅವಳು ಬಾಳೆಲೆ ಒರೆಸುವುದನ್ನು ನಿಲ್ಲಿಸಲಿಲ್ಲ.

"ಅ... ಅವತ್ತು ಅಪ್ಪ ಕೈ ಎತ್ತಿರಲಿಲ್ಲ," ಎಂದಳು. "ನಾನು ನೋ... ನೋಡಿದ್ದೇನೆ."

ಊಟಕ್ಕೆ ಅವಳೇ ಬಡಿಸಿದಳು. ನನ್ನ ಎಲೆಯ ಹತ್ತಿರ ಬಂದು, ಪಾಯಸ ನಿಮಗೆ ಸಾಕಾ ಎಂದು ಕೇಳಿದಳು. ರಜೆಗಳಲ್ಲಿ ಒಂದೇ ಚಾಪೆಯಲ್ಲಿ ಮಲಗಿ ಬೆಳೆದ ನಾವು ಅಲ್ಲಿಯವರೆಗೆ ಒಬ್ಬರಿಗೊಬ್ಬರು 'ನೀನು' ಎಂದೇ ಹೇಳುತ್ತಿದ್ದವರು.