ಮೂರನೆಯ ಒದೆ

ಮೊದಲ ಸಲ ನೋವು ಬಂದಾಗ ಚೆಂಡು ನನ್ನ ಕೈಯಲ್ಲೇ ಇತ್ತು. ಪುಣೆಯಲ್ಲಿ ಬೆಳಗಿನ ಪ್ರಾಕ್ಟೀಸ್. ರಿಂಗಿನ ಕೆಳಗೆ ಹಾರಿ ಚೆಂಡು ಹಿಡಿದೆ, ಇಳಿದೆ. ಎರಡು ಭುಜದ ನಡುವೆ, ಬೆನ್ನಲ್ಲಿ, ಯಾರೋ ಬಟ್ಟೆ ಹರಿದ ಹಾಗಾಯಿತು. ಮೈ ತಣ್ಣಗಾಯಿತು. ನೀರು ಕುಡಿದೆ. ಸ್ವಲ್ಪ ಹೊತ್ತಿಗೆ ಕಡಿಮೆಯಾಯಿತು.

ಯಾರಿಗೂ ಹೇಳಲಿಲ್ಲ.

ನಾನು ಬಾಸ್ಕೆಟ್‌ಬಾಲ್ ಆಡುವುದು ಒಂದು ಕಂಪನಿಯ ಟೀಮಿಗೆ. ವರ್ಷಕ್ಕೊಮ್ಮೆ ಕಾಂಟ್ರ್ಯಾಕ್ಟ್. ಮುಂದಿನ ವಾರ ಹೊಸದಕ್ಕೆ ಸಹಿ ಆಗಬೇಕಿತ್ತು. ಬೆನ್ನು ನೋವು ಎಂದರೆ ಫಿಸಿಯೋ ಬರೆದುಕೊಳ್ಳುತ್ತಾನೆ, ಅದು ಕೋಚ್ ಕೈಗೆ ಹೋಗುತ್ತದೆ, ನನ್ನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ನನಗೆ ಬೇರೆ ಕೆಲಸ ಬರುವುದಿಲ್ಲ. ಹತ್ತನೆಯದು ಫೇಲ್. ಆರು ಅಡಿ ಏಳು ಇಂಚು ಇದ್ದೇನೆ, ಅದೊಂದೇ ನನ್ನ ಓದು. ನಮ್ಮೂರು ಐಗಳಿ. ಮನೆಯ ದ್ರಾಕ್ಷಿ ತೋಟದಲ್ಲಿ ಚಪ್ಪರದ ಕೆಳಗೆ ಇಡೀ ದಿನ ಬಗ್ಗಿಯೇ ಓಡಾಡಬೇಕಿತ್ತು. ಅಥಣಿಯಲ್ಲಿ ಆಟ ನೋಡಲು ಹೋದಾಗ ಒಬ್ಬ ಸರ್ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ ಸ್ಪೋರ್ಟ್ಸ್ ಹಾಸ್ಟೆಲಿಗೆ ಸೇರಿಸಿದರು. ಕೋರ್ಟ್ ಮೇಲೆ ಬಂದ ಮೇಲೆಯೇ ನಾನು ನೆಟ್ಟಗೆ ನಿಂತದ್ದು.

ಹಾಗಾಗಿ ನಾಲ್ಕು ದಿನ ರಜೆ ಕೇಳಿ ಕಬ್ಬೂರಿಗೆ ಹೊರಟೆ. ಅಲ್ಲಿ ನನ್ನ ಅಕ್ಕ ಭಾರತಿ ಇದ್ದಾಳೆ. ಮದುವೆಯಾಗಿ ಎರಡು ವರ್ಷ. ಅಕ್ಕ ಪಾಯಾಳು. ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಹೊರಗೆ ಬಂದವರಿಗೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ಅಂಥವರು ಬೆನ್ನಿಗೆ ಮೂರು ಸಲ ಒದ್ದರೆ ಚಳಕು, ಅಂದರೆ ಬೆನ್ನು ಹಿಡಿದುಕೊಂಡ ನೋವು, ಬಿಡುತ್ತದೆ. ನಾವು ಹಾಗೆ ನಂಬಿಕೊಂಡು ಬಂದವರು. ಕಬ್ಬು ಕಡಿಯುವವರು, ಟ್ರ್ಯಾಕ್ಟರ್ ಡ್ರೈವರುಗಳು, ಪಕ್ಕದ ಓಣಿಯ ಮುಸಲ್ಮಾನರ ಮುದುಕಿಯರು, ಎಲ್ಲರೂ ಅಕ್ಕನ ಹತ್ತಿರ ಒದೆಸಿಕೊಳ್ಳಲು ಬರುತ್ತಾರೆ. ಫಿಸಿಯೋ ಬರೆದುಕೊಳ್ಳುತ್ತಾನೆ. ಅಕ್ಕ ಬರೆದುಕೊಳ್ಳುವುದಿಲ್ಲ. ನನಗೆ ಅದೇ ಬೇಕಿತ್ತು.

ನಿಪ್ಪಾಣಿಯಲ್ಲಿ ಇಳಿದು ಚಿಕ್ಕೋಡಿ ಬಸ್ ಹತ್ತಿದೆ. ದಾರಿಯಲ್ಲಿ ನೋವು ಎರಡು ಸಲ ಬಂದು ಹೋಯಿತು. ಎರಡನೆಯ ಸಲ ದವಡೆಗೂ ಬಂತು. ಹೆದರಿಕೆ ಅಲ್ಲಿಂದ ಶುರು. ಆದರೂ ಚಳಕು ಎಂದೇ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಿತ್ತು.

ಅಕ್ಕ ನನ್ನನ್ನು ಹೊಸ್ತಿಲ ಮೇಲೆ ಕೂರಿಸಿದಳು, ಮುಖ ಹೊರಗೆ.

"ಏನ್ ಬೆನ್ನೋ ತಮ್ಮಾ, ಹೈವೇ ಆಗೇತಿ. ಎಲ್ಲಿಂದ ಚಾಲೂ ಮಾಡ್ಲಿ?"

"ನಡುವ ಒದಿ. ಲಗೂನ ಮುಗಸು."

ಎಡಗಾಲಿನಿಂದ ಒದ್ದಳು. ಒಂದು. ಏನೂ ಆಗಲಿಲ್ಲ. ಎರಡು.

ಉಸಿರು ನಿಂತಿತು.

ನೋವು ಬೆನ್ನಿನಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಹರಿದುಕೊಂಡು ಹೋಯಿತು. ಅಂಗಳಕ್ಕೆ ಬೋರಲು ಬಿದ್ದೆ. ಮೂರನೆಯದಕ್ಕೆ ಎತ್ತಿದ ಕಾಲನ್ನು ಅಕ್ಕ ಹಾಗೇ ಹಿಡಿದು ನಿಂತಿದ್ದಳಂತೆ. ಅವಳ ಗಂಡ, ನಮ್ಮ ಮಾಮಾ, ಆಮೇಲೆ ಹೇಳಿದ. ಪಕ್ಕದ ಮನೆಯವರ ಕಾರಿನಲ್ಲಿ ಮಿರಜಿಗೆ ಒಯ್ದರು. ಕಾಲು ಹಿಡಿಸದೆ ಮೊಣಕಾಲು ಎದೆಗೆ ಬಂದಿತ್ತು. ರಾಯಬಾಗ ದಾಟುವವರೆಗೆ ಒಂದೊಂದೇ ಉಸಿರು ಎಣಿಸಿದೆ. ಆಮೇಲೆ ಎಣಿಕೆ ತಪ್ಪಿತು.

ಮಿರಜಿನ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಆಯಿತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾ. ನನ್ನದು ಉಬ್ಬಿತ್ತು, ಒಳಗಿನ ಪದರ ಹರಿದಿತ್ತು. ಹೊರಗಿನ ಪದರ ಇನ್ನೂ ತಡೆದಿತ್ತು. ಅದು ಎಷ್ಟು ಹೊತ್ತು ತಡೆಯುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅವತ್ತೇ ಆಪರೇಷನ್ ಎಂದರು.

ಡಾಕ್ಟರ್ ನನ್ನ ಕೈ ಹಿಡಿದು ಹೆಬ್ಬೆರಳು ಒಳಗೆ ಮಡಚಿ ಮುಷ್ಟಿ ಕಟ್ಟಲು ಹೇಳಿದರು. ಕಟ್ಟಿದೆ. ಹೆಬ್ಬೆರಳ ತುದಿ ಕಿರುಬೆರಳು ದಾಟಿ ಆ ಕಡೆ ಹೊರಗೆ ಬಂತು. ಎಲ್ಲರಿಗೂ ಹೀಗೇ ಬರುತ್ತದೆ ಅಂದುಕೊಂಡಿದ್ದೆ. ಅವರು ತಮ್ಮದು ಕಟ್ಟಿ ತೋರಿಸಿದರು. ಬರಲಿಲ್ಲ. ಮಾರ್ಫನ್ ಸಿಂಡ್ರೋಮ್ ಎಂದು ಕಾಣುತ್ತದೆ ಅಂದರು. ಹುಟ್ಟಿನಿಂದ ಇರುವುದು. ಈ ಎತ್ತರ, ಈ ಉದ್ದ ಕೈ, ಉದ್ದ ಬೆರಳು, ಎಲ್ಲ ಅದರದೇ.

ನನ್ನ ಹೊಟ್ಟೆಪಾಡೇ ನನ್ನ ರೋಗ.

"ಆಮ್ಯಾಲ ಆಡಬಹುದಲ್ರಿ ಸರ್?" ಎಂದು ಕೇಳಿದೆ.

"ಆಟ ಮುಗೀತಪ್ಪಾ. ಈಗ ಬದುಕೂದು ನೋಡೂಣು."

ಅಪ್ಪನ ಬಗ್ಗೆ ಕೇಳಿದರು. ಅಪ್ಪನೂ ಉದ್ದವಿದ್ದ. ಮೂವತ್ತೆಂಟಕ್ಕೆ, ಕಬ್ಬಿನ ಟ್ರೇಲರ್ ಮೇಲೆ ನಿಂತವನು ನಿಂತಲ್ಲೇ ಕುಸಿದ. ಹಾರ್ಟ್ ಅಟ್ಯಾಕ್ ಎಂದು ಮಣ್ಣು ಮಾಡಿದ್ದೆವು. ಡಾಕ್ಟರ್ ಪೆನ್ನು ಕೆಳಗಿಟ್ಟರು. ಇದು ರಕ್ತದಲ್ಲಿ ಬರುವುದು, ಒಡಹುಟ್ಟಿದವರು ಯಾರಿದ್ದರೂ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಲೇಬೇಕು ಎಂದರು.

ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಐದು ಅಡಿ ಹನ್ನೊಂದು ಇಂಚು. ಸೆರಗಿನ ಮರೆಯಲ್ಲಿ ಮುಷ್ಟಿ ಕಟ್ಟಿ ನೋಡಿಕೊಳ್ಳುತ್ತಿದ್ದಳು.

ಅವಳ ಹೆಬ್ಬೆರಳೂ ಹೊರಗೆ ಬಂದಿತ್ತು.

ಆಪರೇಷನ್ ಬಗ್ಗೆ ನಾನೇನು ಹೇಳಲಿ, ಮಲಗಿದ್ದೆ. ಎದ್ದಾಗ ಎದೆಯ ನಡುವೆ ಹೊಲಿಗೆ, ಒಳಗೆ ಬಟ್ಟೆಯಂಥ ಪೈಪು, ಒಂದು ಲೋಹದ ವಾಲ್ವ್. ಅದು ಟಿಕ್ ಟಿಕ್ ಅನ್ನುತ್ತದೆ. ಸುತ್ತ ಸದ್ದಿಲ್ಲದಿದ್ದರೆ ಪಕ್ಕದವರಿಗೂ ಕೇಳುತ್ತದೆ. ಕೆಮ್ಮು ಬಂದರೆ ದಿಂಬು ಎದೆಗೆ ಒತ್ತಿ ಹಿಡಿಯಬೇಕು. ರಕ್ತ ತೆಳು ಮಾಡುವ ಗುಳಿಗೆ ಬದುಕಿರುವವರೆಗೆ ನುಂಗಬೇಕು. ಯಾರಾದರೂ ಡಿಕ್ಕಿ ಹೊಡೆದರೆ ಒಳಗೆ ರಕ್ತ ಬರಬಹುದು. ಮೈಗೆ ಮೈ ತಾಗಿಸಿ ಜಾಗ ಹಿಡಿಯುವುದೇ ನನ್ನ ಕೆಲಸವಾಗಿತ್ತು. ಈಗ ಸಂತೆಯಲ್ಲಿ ಯಾರಾದರೂ ಜೋರಾಗಿ ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲುತ್ತೇನೆ. ಕೋಚ್ ಒಂದು ಸಲ ಫೋನ್ ಮಾಡಿ ಆರಾಮ ತಗೋ ಎಂದರು. ಕಾಂಟ್ರ್ಯಾಕ್ಟ್ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸದ್ದು ಇದ್ದರೆ ಹೆದರಿಕೆ. ಸದ್ದು ಕೇಳದಿದ್ದರೆ ಇನ್ನೂ ಹೆದರಿಕೆ. ಎದೆ ಮೇಲೆ ಕೈ ಇಟ್ಟುಕೊಂಡು ಕೂರುತ್ತಿದ್ದೆ.

ಆಸ್ಪತ್ರೆಯಿಂದ ನನ್ನನ್ನು ಐಗಳಿಗೆ ಕರೆತಂದಿದ್ದರು. ಎರಡು ತಿಂಗಳು ಅಕ್ಕ ನೋಡಲು ಬರಲಿಲ್ಲ. ತಮ್ಮನ ಎದೆ ಒದ್ದು ಒಡೆದಳು ಎಂದು ಕಬ್ಬೂರಿನಲ್ಲಿ ಮಾತಾಗಿತ್ತು. ಹರಿದದ್ದು ಪುಣೆಯಲ್ಲೇ ಎಂದು ಡಾಕ್ಟರ್ ಅವಳ ಮುಂದೆಯೇ ಹೇಳಿದ್ದರು. ಆದರೆ ಮೂರನೆಯ ಒದೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಅಕ್ಕ ಕೇಳಿದಾಗ ಸ್ಕ್ಯಾನ್ ಎತ್ತಿಕೊಂಡು ಹೊರಗೆ ಹೋಗಿದ್ದರು. ಅವಳು ಒದೆಯುವುದನ್ನು ಬಿಟ್ಟಳು. ಎಕೋ ಮಾಡಿಸಲಿಲ್ಲ. ಇವತ್ತು ನಾಳೆ ಎನ್ನುತ್ತಾಳೆ ಎಂದು ಮಾಮಾ ಫೋನಿನಲ್ಲಿ ಅತ್ತ. ಅವನು ಅಳುವ ಮನುಷ್ಯನಲ್ಲ.

ನಾನೇ ಹೋದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಮುಖ ಎತ್ತಲಿಲ್ಲ. ಅವಳ ಕೈಯನ್ನೇ ನೋಡುತ್ತಾ ಕುಳಿತೆ. ಅವೇ ಉದ್ದ ಬೆರಳು. ಅಪ್ಪನದೂ ಹಾಗೇ ಇದ್ದವು.

"ಗೊತ್ತಾದ್ರ ದಿನಾ ಸಾಯಬೇಕು. ಗೊತ್ತಾಗದಿದ್ರ ಒಂದ ಸಲ," ಎಂದಳು.

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ಟಿಕ್ ಟಿಕ್ ಜೋರಾಗುತ್ತದೆ. ಅವಳಿಗೂ ಕೇಳಿಸಿತು. ಬಡಿಯುವ ಕೈ ನಿಂತಿತು.

"ನಾ ಏನೂ ಕೇಳದ ನಿನ್ನ ಮುಂದ ಬೆನ್ನ ಕೊಟ್ಟ ಕುಂತೆ ಅಕ್ಕಾ. ಇನ್ನೊಂದ ಒದಿ ಬಾಕಿ ಐತಿ. ಅದರ ಬದ್ಲಿ ಎಕೋ ಮಾಡಸು."

ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಅವಳು ಅದನ್ನು ತೆಗೆದು ಬದಿಗಿಟ್ಟಳು. ಆಮೇಲೆ, "ನೀನೂ ಬಾ ಮತ್ತ," ಎಂದಳು.

ರಾಯಬಾಗದಿಂದ ಮಿರಜಿಗೆ ರೈಲಿನಲ್ಲಿ ಹೋದೆವು. ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು. ಎಕೋ ರೂಮಿನ ಹೊರಗೆ ಬೆಂಚಿನ ಮೇಲೆ ಕುಳಿತೆ. ದೊಡ್ಡ ದೊಡ್ಡ ಫೈನಲ್ ಆಡಿದ್ದೇನೆ. ಸ್ಟ್ರೆಚರ್ ಮೇಲೆ ಆಪರೇಷನ್ನಿಗೆ ಹೋಗಿದ್ದೇನೆ. ಆ ಬೆಂಚಿನಷ್ಟು ಹೆದರಿಕೆ ಎಲ್ಲೂ ಆಗಿರಲಿಲ್ಲ. ನನ್ನ ಎದೆಯಲ್ಲಿ ಪೈಪು ಕೂತಾಗಿದೆ, ಅವಳ ನಾಳ ಅಪ್ಪನದರ ಹಾಗೆ ಹರಿಯಲು ಕಾದಿದೆಯೋ ಏನೋ.

ಒಳಗೆ ಕರೆದರು. ಅಕ್ಕನ ಅಯೋರ್ಟಾ ಸ್ವಲ್ಪ ಅಗಲವಾಗಿದೆ. ಈಗ ಆಪರೇಷನ್ ಬೇಡ. ದಿನಾ ಗುಳಿಗೆ, ಆರು ತಿಂಗಳಿಗೊಮ್ಮೆ ಎಕೋ. ಭಾರ ಎತ್ತಬಾರದು. ಮಕ್ಕಳ ವಿಚಾರ ಮಾಡುವ ಮೊದಲು ಇಲ್ಲಿಗೆ ಬರಬೇಕು. ಸಮಯಕ್ಕೆ ಸರಿಯಾಗಿ ಬಂದಿರಿ ಎಂದರು ಡಾಕ್ಟರ್.

ಅಕ್ಕ ಎಲ್ಲ ಕೇಳಿಕೊಂಡು, "ಒದೀಬಹುದೇನ್ರಿ?" ಎಂದಳು.

"ಯಾರಿಗ್ರಿ?"

ಅಕ್ಕ ನನ್ನ ಕಡೆ ಬೆರಳು ಮಾಡಿದಳು. ಡಾಕ್ಟರ್ ನನ್ನನ್ನು ನೋಡಿದರು, ಅವಳನ್ನು ನೋಡಿದರು, ಚೀಟಿಯ ಕೊನೆಗೆ ಒಂದು ಸಾಲು ಸೇರಿಸಿ ಬರೆದರು. ಒದೆಯಬಾರದು.

ಈಗ ನಾನು ಮತ್ತೆ ದ್ರಾಕ್ಷಿ ಚಪ್ಪರದ ಕೆಳಗೆ ಬಗ್ಗಿ ನಡೆಯುತ್ತೇನೆ. ಸಂಜೆ ಅಥಣಿಯ ಹುಡುಗಿಯರ ಟೀಮಿಗೆ ಕುರ್ಚಿಯ ಮೇಲೆ ಕುಳಿತು ಹೇಳಿಕೊಡುತ್ತೇನೆ. ಅವರಲ್ಲಿ ಉದ್ದವಿರುವವರಿಗೆ ಮೊದಲ ದಿನವೇ ಮುಷ್ಟಿ ಕಟ್ಟಿಸುತ್ತೇನೆ. ಅಕ್ಕನ ಮನೆಗೆ ಜನ ಈಗಲೂ ಬರುತ್ತಾರಂತೆ. ಅವಳೂ ಹೊಸ್ತಿಲ ಮೇಲೆ ಕೂರಿಸಿ ಮೊದಲು ಮುಷ್ಟಿ ಕಟ್ಟಿಸುತ್ತಾಳೆ, ಎದೆ ನೋವು ಇದೆಯೇ ಎಂದು ಕೇಳುತ್ತಾಳೆ. ಹೆಬ್ಬೆರಳು ಹೊರಗೆ ಬಂದವರನ್ನೂ ನೋವು ಇದೆ ಎಂದವರನ್ನೂ ದವಾಖಾನೆಗೆ ಓಡಿಸುತ್ತಾಳೆ. ಉಳಿದವರ ಬೆನ್ನಿಗೆ ಕಾಲು ಸುಮ್ಮನೆ ತಾಗಿಸುತ್ತಾಳೆ, ಎರಡೇ ಸಲ. ಮೂರನೆಯದು ಕೇಳಿದರೆ ಕೊಡುವುದಿಲ್ಲ.

ಮುಂದಿನ ಎಕೋ ಇಬ್ಬರಿಗೂ ಒಂದೇ ದಿನ, ಒಂದೇ ರೈಲಿಗೆ ಹೋಗಬೇಕು. ಹೆದರಿಕೆ ಹೋಗಿಲ್ಲ. ಆದರೆ ಆ ಬೆಂಚಿನ ಮೇಲೆ ಈಗ ಇಬ್ಬರು ಇರುತ್ತೇವೆ.